ಮಗಳಿಗೊಂದು ಪತ್ರ: ಅಟ್ಟದ ಮೇಲಿನ ಡಬ್ಬ

ಮಗಳೇ,

ನೀನು ಪುಣೆ ತಲುಪಿದ ಸುದ್ದಿ ನಿನ್ನ ಅವ್ವನ ಮೊಬೈಲಿಗೆ ಬಂತು, ನನ್ನದಕ್ಕೆ ಬರಲಿಲ್ಲ. ಯಾಕೆ ಎಂದು ಕೇಳುವ ಮುಖ ನನಗಿಲ್ಲ. ಮೊನ್ನೆ ನಸುಕಿನಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹೊರಟಾಗ ನಾನು ಬೋಗಿಯ ಸಂಖ್ಯೆ ನೋಡುತ್ತಾ ನಿಂತೆನೇ ಹೊರತು ನಿನ್ನ ಮುಖ ನೋಡಲಿಲ್ಲ. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಆದ ಮಾತು ಇಬ್ಬರಿಗೂ ನೆನಪಿದೆ. ಅದನ್ನು ಮತ್ತೆ ಬರೆದು ಕಾಗದ ಹಾಳು ಮಾಡುವುದಿಲ್ಲ.

ಕಾಗದದಲ್ಲಿ ಬರೆಯುತ್ತಿದ್ದೇನೆಂದು ನಗಬೇಡ. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಇಪ್ಪತ್ತೇಳು ವರ್ಷ ಲಗ್ನಪತ್ರಿಕೆ, ಕರಪತ್ರ, ಅರ್ಜಿ ಎಂದು ಕೀಲಿಮಣೆ ಕುಟ್ಟಿದ ಕೈ, ಈಗ ಪೆನ್ನು ಹಿಡಿದರೆ ನಡುಗುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ನೀಲಿ ಗೆರೆ ಬಿದ್ದ ಮೇಲೂ ಉತ್ತರ ಬಾರದಿದ್ದರೆ ರಾತ್ರಿಯೆಲ್ಲ ಕಾಯಬೇಕು. ಅಂಚೆಯಲ್ಲಿ ಆ ಹಿಂಸೆ ಇಲ್ಲ.

ಆ ಹಳೆಯ ಸಿಪಿಯು ಡಬ್ಬವನ್ನು ನೀನು ಗುಜರಿಯವನಿಗೆ ಕೊಟ್ಟದ್ದು ತಪ್ಪಲ್ಲ. ಅಟ್ಟ ಗುಡಿಸು ಎಂದು ಹೇಳಿದವನೇ ನಾನು. ‘ಸತ್ತ ಡಿಸ್ಕಿಗೆ ಇಷ್ಟು ವರ್ಷ ಯಾಕೆ ಜಾಗ ಕೊಟ್ಟಿದ್ದೀರಿ’ ಎಂದು ನೀನು ಕೇಳಿದ್ದೂ ನ್ಯಾಯವೇ. ಅದಕ್ಕೆ ಉತ್ತರ ಹೇಳುವ ಬದಲು ಕೂಗಾಡಿದೆ. ಉತ್ತರ ಈಗ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಆ ಡಬ್ಬದೊಳಗಿದ್ದದ್ದು 80 ಜಿಬಿಯ ಹಾರ್ಡ್ ಡಿಸ್ಕು. 2005ರಲ್ಲಿ ಅದನ್ನು ಕೊಂಡಾಗ ಇಷ್ಟೊಂದು ಜಾಗವನ್ನು ಈ ಜನ್ಮದಲ್ಲಿ ತುಂಬಲಾರೆ ಅನ್ನಿಸಿತ್ತು. ನಿನ್ನ ಅಜ್ಜಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಪದಗಳು ಅದರಲ್ಲಿದ್ದವು. ಕಲ್ಲಿನ ಗರಗರ ಸದ್ದು ಮೊದಲು, ಅದರ ಮೇಲೆ ಅಜ್ಜಿಯ ದನಿ, ನಡುನಡುವೆ ಐದು ವರ್ಷದ ನೀನು ‘ಇನ್ನೊಂದು’ ಎಂದು ಪೀಡಿಸುವುದು. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ತಂತಿ ಎಳೆದು, ಫ್ಯಾನ್ ಆರಿಸಿ, ಒಂದು ಇಡೀ ಮಧ್ಯಾಹ್ನ ಸೆಕೆಯಲ್ಲಿ ಕುಳಿತು ಅದನ್ನು ಇಳಿಸಿಕೊಂಡಿದ್ದೆ. ಆಗ ಅದಕ್ಕೆ ಅಡ್ಡದಾರಿ ಇರಲಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು.

2009ರ ಅಕ್ಟೋಬರ್. ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿದ ವಾರ. ಅಜ್ಜಿ ಹೋಗಿ ಒಂದು ವರ್ಷವಾಗಿತ್ತು. ರಾಜ್ಯಕ್ಕೆಲ್ಲ ಕರೆಂಟು ಮಾಡಿ ಕಳಿಸುವ ಶಕ್ತಿನಗರ ನಮ್ಮ ಪಕ್ಕದಲ್ಲೇ ಇದ್ದರೂ ನಮ್ಮ ಓಣಿಯಲ್ಲಿ ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಯುಪಿಎಸ್‌ನ ಬ್ಯಾಟರಿ ಸತ್ತು ನಾಲ್ಕು ತಿಂಗಳಾಗಿತ್ತು. ಮುಂದಿನ ತಿಂಗಳು, ಮುಂದಿನ ತಿಂಗಳು ಎಂದುಕೊಂಡು ಕಳೆದಿದ್ದೆ. ಮೂರನೆಯ ಸಲ ಕರೆಂಟು ಬಂದಾಗ ಪರದೆ ಕಪ್ಪಾಗಿಯೇ ಉಳಿಯಿತು. ಡಬ್ಬದೊಳಗಿಂದ ಟಿಕ್ ಎಂಬ ಸದ್ದು. ಸ್ವಲ್ಪ ತಡೆದು ಮತ್ತೆ ಟಿಕ್. ಅದರ ಒಳಗೆ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಓದುವ ಮುಳ್ಳು ಕೂದಲೆಳೆ ಕೂಡ ತೂರದಷ್ಟು ಅಂತರದಲ್ಲಿ ಅದರ ಮೇಲೆ ತೇಲುತ್ತದೆ. ಮುಳ್ಳಿಗೆ ದಾರಿ ಸಿಗದಿದ್ದರೆ ಮರಳಿ ಮನೆಗೆ ಹೋಗಿ, ಮತ್ತೆ ಹುಡುಕಲು ಹೊರಡುತ್ತದೆ. ಆ ಹೋಗಿಬರುವ ಸದ್ದೇ ಟಿಕ್. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ರಾತ್ರಿ ನಾನು ಅದನ್ನು ಎಷ್ಟು ಸಲ ಹಚ್ಚಿ ಆರಿಸಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಮುಳ್ಳು ತಟ್ಟೆಯನ್ನು ಇನ್ನಷ್ಟು ಗೀರಿರಬೇಕು. ಸುಮ್ಮನೆ ಬಿಟ್ಟಿದ್ದರೆ ಉಳಿಯುತ್ತಿತ್ತೇನೋ. ಫ್ರೀಜರಿನಲ್ಲಿಟ್ಟರೆ ಒಂದೆರಡು ಗಳಿಗೆ ಓಡುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದನ್ನೂ ಮಾಡಿದೆ. ‘ಇದೇನು ಕುಲ್ಫಿಯೇ’ ಎಂದು ನಿನ್ನ ಅವ್ವ ಕೇಳಿದ್ದಳು. ಹೈದರಾಬಾದಿಗೆ ಒಯ್ದೆ. ಅವರು ಕೇಳಿದ ಹಣ ಅಂಗಡಿಯ ಎರಡು ತಿಂಗಳ ದುಡಿಮೆ. ಮರಳಿ ತಂದು ಅಟ್ಟಕ್ಕೆ ಹಾಕಿದೆ. ಹಣವಾದ ಮೇಲೆ ನೋಡೋಣ ಎಂದು. ಹಣವಾಯಿತು, ನಿನ್ನ ಕಾಲೇಜಿಗೆ ಹೋಯಿತು. ಅದಕ್ಕೆ ಬೇಸರವಿಲ್ಲ.

ಹದಿನೈದು ರೂಪಾಯಿಯ ಒಂದು ಖಾಲಿ ಸಿಡಿ ಸಾಕಾಗುತ್ತಿತ್ತು ಮಗಳೇ. ಅಂಗಡಿಯ ಕಪಾಟಿನಲ್ಲಿ ಐವತ್ತರ ಕಟ್ಟು ಇತ್ತು. ಗಿರಾಕಿಗಳ ಮದುವೆಯ ಫೋಟೋಗಳನ್ನೆಲ್ಲ ಅದರಲ್ಲಿ ಬರೆದುಕೊಡುತ್ತಿದ್ದೆ.

ಅದಕ್ಕೇ ಹೇಳುವುದು, ಯಾವುದೇ ಆಗಲಿ ಮೂರು ಪ್ರತಿ ಇರಬೇಕು. ಎರಡು ಬಗೆಯ ಸಾಧನದಲ್ಲಿ ಇರಬೇಕು, ಒಂದಾದರೂ ಬೇರೆ ಮನೆಯಲ್ಲಿರಬೇಕು. ‘ಎಲ್ಲ ಕ್ಲೌಡಿನಲ್ಲಿದೆ ಅಪ್ಪ’ ಎನ್ನುತ್ತೀಯ. ಕ್ಲೌಡು ಎಂದರೆ ಬೇರೆಯವರ ಅಟ್ಟ. ಅವರೂ ಒಂದು ದಿನ ಗುಡಿಸುತ್ತಾರೆ. ಜನ ತಮ್ಮ ವೆಬ್‌ಪುಟ ಇಟ್ಟಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಗೆಳೆಯರ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಇಟ್ಟುಕೊಳ್ಳಿ ಎಂದಿತು, 2021ರ ಜೂನ್ 1ರಿಂದ 15 ಜಿಬಿಯ ಲೆಕ್ಕ ಹಿಡಿಯಿತು. ಅವರದು ವ್ಯಾಪಾರ, ತಪ್ಪೇನಿಲ್ಲ. ನಮ್ಮದು ಮಾತ್ರ ವ್ಯಾಪಾರವಲ್ಲವಲ್ಲ.

ಇಟ್ಟರಷ್ಟೇ ಸಾಲದು, ಓದಲೂ ಬರಬೇಕು. ಅಂಗಡಿಯ ಹಳೆಯ ಫೈಲುಗಳು ಇಂದಿಗೂ ನನ್ನ ಬಳಿ ಇವೆ, ಒಂದೂ ಕೆಟ್ಟಿಲ್ಲ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳ ಸಂತೆ. ಆಗಿನ ಫಾಂಟುಗಳಲ್ಲಿ ಕನ್ನಡ ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗಿತ್ತು. ಒಬ್ಬೊಬ್ಬರ ಫಾಂಟಿನಲ್ಲಿ ಒಂದೊಂದು ಕೋಣೆ. ಫಾಂಟು ಇಲ್ಲವಾದರೆ ಅಕ್ಷರವೂ ಇಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ‘ಕ’ ಎಂಬುದಕ್ಕೆ 3221 ಎಂಬ ಅದರದೇ ಸಂಖ್ಯೆ ಇದೆ, ಯಾವ ಫಾಂಟು ಹಾಕಿದರೂ ಅದು ‘ಕ’ವೇ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನಾನು ಅಂಗಡಿಯನ್ನು ಅರ್ಧ ಗಂಟೆ ಮುಂಚೆ ಮುಚ್ಚಿ ತೀನ್ ಕಂದೀಲ್ ತನಕ ಸುಮ್ಮನೆ ನಡೆದು ಬಂದೆ. ಸಂತೋಷಕ್ಕೆ.

ಆಮೇಲೆ, ಪೊಲೀಸರೆಂದು ಹೇಳಿ ಫೋನಿನಲ್ಲೇ ಬಂಧಿಸಿದ್ದೇವೆಂದು ಹೆದರಿಸಿ ಹಣ ಕೀಳುವ ಆ ‘ಡಿಜಿಟಲ್ ಅರೆಸ್ಟ್’ ಕರೆಗಳು. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು... ಇದನ್ನು ನನಗೆ ಹೇಳಿಕೊಟ್ಟವಳೇ ನೀನು. ಮತ್ತೆ ಪಾಠ ಶುರು ಮಾಡಿದೆ ನೋಡು. ಬಿಟ್ಟೆ.

ನಿನ್ನ ಕೆಲಸ ಏನೆಂದು ಓಣಿಯವರು ಕೇಳುತ್ತಾರೆ. ‘ಲಕ್ಷಗಟ್ಟಲೆ ಜನರ ಡಿಸ್ಕುಗಳನ್ನು ಕಾಯುತ್ತಾಳೆ, ಒಂದು ಸತ್ತರೆ ಇನ್ನೊಂದು ಎದ್ದು ನಿಲ್ಲುವಂತೆ ನೋಡಿಕೊಳ್ಳುತ್ತಾಳೆ’ ಎನ್ನುತ್ತೇನೆ. ಕಿರಾಣಿ ಅಂಗಡಿಯವರಿಗೆ ಇದು ನಾಲ್ಕು ಸಲ ಹೇಳಿ ಆಗಿದೆ. ನಿನ್ನೆ ನನ್ನನ್ನು ಕಂಡೊಡನೆ ಅವರು ಮೊಬೈಲ್ ಎತ್ತಿಕೊಂಡು ಮಾತಾಡುವಂತೆ ನಟಿಸಿದರು.

ಅದಿರಲಿ. ನೀನು ಹೋದ ಮಧ್ಯಾಹ್ನ ಗಂಜ್ ಮಾರುಕಟ್ಟೆಯ ಹಿಂದಿನ ಗುಜರಿಗೆ ಹೋಗಿದ್ದೆ. ಡಬ್ಬ ಸಿಕ್ಕಿತು, ಖಾಲಿ. ಡಿಸ್ಕನ್ನು ಅಲ್ಲಿಯ ಹುಡುಗ ಬಿಚ್ಚಿದ್ದ. ಒಳಗಿನ ಅಯಸ್ಕಾಂತವನ್ನು ಒಂದು ಕೋಲಿಗೆ ಕಟ್ಟಿ ಮಣ್ಣಿನಲ್ಲಿ ಬಿದ್ದ ಮೊಳೆಗಳನ್ನು ಎತ್ತುತ್ತಿದ್ದ. ತಟ್ಟೆ ತಕ್ಕಡಿಯ ಪಕ್ಕದ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿತ್ತು, ಕನ್ನಡಿಯಾಗಿ. ಅದರ ಕೆಳಗೆ ಹಲ್ಲು ಮುರಿದ ಒಂದು ಬಾಚಣಿಕೆ. ಹತ್ತಿರ ಹೋಗಿ ನೋಡಿದೆ. ಅಂಚಿನ ಬಳಿ ದಾರದಂಥ ಒಂದು ಗೀರು, ಪೂರ್ತಿ ಸುತ್ತು. ಉಳಿದಂತೆ ಫಳಫಳ. ‘ಬೇಕೇ ಯಜಮಾನರೇ, ಇಪ್ಪತ್ತು ರೂಪಾಯಿ ಕೊಡಿ’ ಎಂದ. ಬೇಡ ಎಂದೆ. ಅವನು ಅದರಲ್ಲಿ ನೋಡಿಕೊಂಡು ತಲೆ ಬಾಚಿಕೊಂಡ.

ಅಲ್ಲಿ ನಿಂತಾಗ ನೆನಪಾದದ್ದನ್ನು ನಿನ್ನ ಅವ್ವನಿಗೂ ಹೇಳಿಲ್ಲ. 2005ರಲ್ಲಿ ಪದಗಳನ್ನು ಕಂಪ್ಯೂಟರಿಗೆ ಇಳಿಸಿದ ಮರುವಾರ, ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟುಗಳನ್ನೂ ಇದೇ ಗುಜರಿಗೆ ನಾನೇ ತಂದು ಹಾಕಿದ್ದೆ. ‘ಇನ್ನು ಯಾಕೆ ಇವು, ಕಂಪ್ಯೂಟರಿನಲ್ಲಿ ಇವೆಯಲ್ಲ’ ಎಂದು ಅಜ್ಜಿಗೆ ಹೇಳಿದ್ದೆ. ಅಜ್ಜಿ ಒಂದು ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ‘ಇದೊಂದು ಇರಲಿ’ ಎಂದಿದ್ದಳು. ನಕ್ಕು ಅದನ್ನೂ ಚೀಲಕ್ಕೆ ಹಾಕಿದೆ. ನೀನು ಕೊಟ್ಟದ್ದು ಸತ್ತ ಡಿಸ್ಕು. ನಾನು ಕೊಟ್ಟದ್ದು ಸರಿಯಾಗಿ ಹಾಡುತ್ತಿದ್ದ ಕ್ಯಾಸೆಟ್ಟು. ಆ ರಾತ್ರಿ ನಾನು ಕೂಗಿದ್ದು ಯಾರ ಮೇಲೆ ಎಂದು ಈಗ ನಿನಗೆ ತಿಳಿದಿರಬಹುದು. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ, ಕಾಗದದಲ್ಲಿ ಅದೂ ಕಾಣುತ್ತದೆ. ಇರಲಿ, ಕ್ಷಮಿಸು.

ಒಂದು ಕೆಲಸ ಮಾಡು. ನಿನಗೆ ಆ ಪದಗಳಲ್ಲಿ ಒಂದು ಅರ್ಧಂಬರ್ಧ ಬರುತ್ತದೆ, ಹೋದ ನಾಗರಪಂಚಮಿಗೆ ಒಲೆಯ ಮುಂದೆ ಗುನುಗುತ್ತಿದ್ದೆ. ನಾನು ಬಾಗಿಲ ಹೊರಗಿದ್ದೆ. ಅದನ್ನು ಮೊಬೈಲಿನಲ್ಲಿ ಹಾಡಿ ಕಳಿಸು. ಮರೆತ ಸಾಲು ಬಂದಾಗ ನಿಲ್ಲಿಸಬೇಡ, ಗುನುಗಿ ಮುಂದೆ ಹೋಗು. ನನಗೆ ಬರುವಷ್ಟನ್ನು ನಾನು ಸೇರಿಸುತ್ತೇನೆ.

ಶೇಂಗಾ ಚಟ್ನಿಯ ಡಬ್ಬವಿದ್ದ ಚೀಲದ ತಳದಲ್ಲಿ, ರೊಟ್ಟಿಯ ಕೆಳಗೆ, ಹಳೆಯ ಟವೆಲ್‌ನಲ್ಲಿ ಸುತ್ತಿದ ಒಂದು ಹೊಸ ಡಿಸ್ಕು ಇದೆ. ನೀನು ಇನ್ನೂ ನೋಡಿರಲಿಕ್ಕಿಲ್ಲ. ಎಣ್ಣೆ ಸೋರಿದ್ದರೆ ಹಚ್ಚುವ ಮೊದಲು ಒರೆಸಿಕೋ.

ನಿನ್ನ
ಅಪ್ಪ
ರಾಯಚೂರು