ಕಾರಿಗೆ ಹೊಂದದ ಬ್ಲೀಡರ್ ಸ್ಕ್ರೂ, ಅದಕ್ಕಿಂತ ಹೊಂದದ ಸಲಹೆ: ಹಣ ವಾಪಸಾತಿ ಹಾಗೂ ಮಾರಾಟ ತಡೆ ಕೋರಿ ದೂರು

ಇವರಿಗೆ,
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ವಾಹನ ಬಿಡಿಭಾಗ ಮಾರಾಟ ವಿಭಾಗ

ಇವರಿಂದ,
ಟ್ಯಾಕ್ಸಿ ಮಾಲೀಕ ಮತ್ತು ಚಾಲಕ,
ಕೋಡಿಬಾಗ, ಕಾರವಾರ

ಮಾನ್ಯರೇ,

ನಿಮ್ಮ ಜಾಲತಾಣದಲ್ಲಿ ಕಾರಿನ ಮಾಡೆಲ್ಲು, ತಯಾರಾದ ವರ್ಷ ಎರಡನ್ನೂ ತುಂಬಿ, "ನಿಮ್ಮ ವಾಹನಕ್ಕೆ ಹೊಂದುತ್ತದೆ" ಎಂಬ ಹಸಿರು ಗುರುತು ಬಂದ ಮೇಲೆಯೇ ಮುಂದಿನ ಚಕ್ರಗಳ ಬ್ರೇಕ್ ಹಿಡಿಯುವ ಕ್ಯಾಲಿಪರುಗಳಿಗೆ ಬ್ಲೀಡರ್ ಸ್ಕ್ರೂ (ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿಯನ್ನು ಹೊರಬಿಡಲು ಸಡಿಲಿಸುವ ಸ್ಕ್ರೂ) ತರಿಸಿದ್ದೆ. ಬಂದ ಮಾಲು ನನ್ನ ಕಾರಿನದಲ್ಲ. ವಾಪಸ್ ತೆಗೆದುಕೊಳ್ಳಿ ಎಂದರೆ "ಪ್ಯಾಕೆಟ್ ತೆರೆಯಲಾಗಿದೆ" ಎಂದು ನನ್ನ ಕೋರಿಕೆಯನ್ನೇ ಮುಚ್ಚಿಬಿಟ್ಟಿದ್ದೀರಿ. ಪ್ಯಾಕೆಟ್ ಒಡೆಯದೆ ಸ್ಕ್ರೂವಿನ ಸುತ್ತು, ಅಂದರೆ ಥ್ರೆಡ್ ಅಳೆಯುವ ವಿದ್ಯೆ ನಮ್ಮೂರಿನ ಮೆಕ್ಯಾನಿಕ್ಕುಗಳಿಗೆ ಇನ್ನೂ ಸಿದ್ಧಿಸಿಲ್ಲ.

ಇಲ್ಲಿನ ಉಪ್ಪುಗಾಳಿಗೆ ಬ್ಲೀಡರ್ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಳ್ಳುವುದು ಮಾಮೂಲು. ಮೇಲಿನ ರಬ್ಬರ್ ಟೋಪಿ ಒಮ್ಮೆ ಬಿದ್ದುಹೋದರಂತೂ ಮಳೆಗಾಲದಲ್ಲಿ ಹೆದ್ದಾರಿಯ ನೀರು ನಡುವಿನ ತೂತಿಗೇ ಇಳಿಯುತ್ತದೆ. ನನ್ನ ಗಾಡಿಯ ಬ್ರೇಕ್ ಆಯಿಲ್ ಬದಲಿಸಲು ಹೋದಾಗ ಎಡಗಡೆಯದರ ತಲೆ ಸವೆದು ಪಾನಾ ಜಾರುತ್ತಿತ್ತು. ಎರಡೂ ಕಡೆ ಹೊಸದು ಹಾಕಿಬಿಡೋಣ ಎಂದರು ಮೆಕ್ಯಾನಿಕ್. ಆರ್ಡರ್ ಮಾಡಿದ್ದು ಅದಕ್ಕೆ.

ನಿಮ್ಮ ಸ್ಕ್ರೂ ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ಒಳಗೆ ಹೋಯಿತು. ಅಪಾಯ ಇರುವುದೇ ಅಲ್ಲಿ. ಪಾನಾ ಹಾಕುವ ಮೊದಲು ಅಲ್ಲಾಡಿಸಿ ನೋಡಿದ ಮೆಕ್ಯಾನಿಕ್, "ಲಡಬಡ ಅಂತದೆ ಮಾರಾಯ್ರೆ, ಇದು ನಮ್ಮ ಥ್ರೆಡ್ ಅಲ್ಲ" ಎಂದು ವರ್ನಿಯರ್ ತೆಗೆದರು. ಕಾರಿನ ಹಳೆಯ ಸ್ಕ್ರೂ ಎಂ10, ಅಂದರೆ ಥ್ರೆಡ್ಡಿನ ಹೊರವ್ಯಾಸ 10 ಮಿ.ಮೀ.; ಪಿಚ್, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ, 1.0 ಮಿ.ಮೀ. ನೀವು ಕಳಿಸಿದ್ದರ ಹೊರಗಿನ ಅಳತೆ 9.5 ಮಿ.ಮೀ. ಪಿಚ್ ಅಳೆಯುವ ಗೇಜಿನ 1.0 ಎಲೆ ಅದರ ಮೇಲೆ ಸರಿಯಾಗಿ ಕೂರಲಿಲ್ಲ, ಇಂಚಿಗೆ 24 ಸುತ್ತಿನ ಎಲೆ ಕೂತಿತು. ಅಂದರೆ ಅದು 3/8 ಇಂಚಿನ ಥ್ರೆಡ್, ಅಮೆರಿಕದ ಅಳತೆಯ ಮಾಲು. ಎರಡರ ಪಿಚ್ಚಿಗೂ ಇರುವ ವ್ಯತ್ಯಾಸ ಸುಮಾರು 0.06 ಮಿ.ಮೀ., ಕಣ್ಣಿಗೆ ಕಾಣುವಂಥದ್ದಲ್ಲ. ಎಂ8 ಕಳಿಸಿದ್ದರೆ ತೂತಿನಲ್ಲಿ ನಿಲ್ಲದೆ ಬಿದ್ದೇ ಹೋಗುತ್ತಿತ್ತು, ಯಾರಿಗೂ ಮೋಸವಾಗುತ್ತಿರಲಿಲ್ಲ. ಇದು ಅರ್ಧ ಮಿಲಿಮೀಟರ್ ಮಾತ್ರ ಸಣ್ಣ. ಸುತ್ತುಗಳ ಅಂಚಷ್ಟೇ ಕಚ್ಚಿಕೊಳ್ಳುತ್ತವೆ, ಬಿಗಿದರೆ ಕ್ಯಾಲಿಪರಿನ ಥ್ರೆಡ್ಡೇ ಕಿತ್ತುಬರುತ್ತದೆ. ಸ್ಕ್ರೂವಿನ ಬೆಲೆ ಚಾ-ಬನ್ಸಿನಷ್ಟು, ಕ್ಯಾಲಿಪರ್ ಹಾಗಲ್ಲ.

ಮಾಲಿನ ವಿವರದಲ್ಲಿ ನೀವು ಬರೆದಿರುವುದು "10 ಎಂಎಂ" ಎಂದಷ್ಟೇ. ಅದು ಥ್ರೆಡ್ಡಿನ ಅಳತೆಯೋ, ತಲೆಗೆ ಹಾಕುವ ಪಾನಾದ್ದೋ? 10ರ ಪಾನಾ ಹಿಡಿಯುವ ತಲೆ ಬೇರೆ ಬೇರೆ ಥ್ರೆಡ್ಡಿನ ಸ್ಕ್ರೂಗಳಿಗೆ ಇರುತ್ತದೆ. ಪಿಚ್ ಇಲ್ಲ, ಉದ್ದ ಇಲ್ಲ, ತುದಿಯ ಮೊನೆ ಎಂಥದ್ದೆಂದು ಇಲ್ಲ. "ಸ್ಟೇನ್‌ಲೆಸ್ ಫಿನಿಶ್" ಎಂದು ಮಾತ್ರ ದಪ್ಪಕ್ಷರದಲ್ಲಿದೆ. ನನಗೆ ಹೊಳಪು ಬೇಕಾಗಿರಲಿಲ್ಲ. ಸರಿಯಾದ ಥ್ರೆಡ್ಡಿನ, ಝಿಂಕ್ ಲೇಪದ ಸಾದಾ ಉಕ್ಕಿನ ಸ್ಕ್ರೂ, ಮೇಲೊಂದು ರಬ್ಬರ್ ಟೋಪಿ ಸಾಕಿತ್ತು.

ಇಷ್ಟಾದರೂ ಸುಮ್ಮನಿರುತ್ತಿದ್ದೆನೋ ಏನೋ. ನಿಮ್ಮ ಸಹಾಯವಾಣಿ ಚಾಟಿನಲ್ಲಿ ಬರೆದು ಕೊಟ್ಟ ಸಲಹೆ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ: "ಸಡಿಲವಿದ್ದರೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿಯಿರಿ." ಬ್ರೇಕಿಗೂ ಬಚ್ಚಲಿನ ನಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದವರು ಬರೆಯುವ ಮಾತಿದು. ಬ್ಲೀಡರ್ ಸ್ಕ್ರೂವಿನಲ್ಲಿ ಆಯಿಲ್ ತಡೆಯುವುದು ಥ್ರೆಡ್ ಅಲ್ಲ. ತುದಿಯ ಮೊನೆ ಕ್ಯಾಲಿಪರಿನೊಳಗಿನ ಸೀಟಿಗೆ ಒತ್ತಿ ಕೂರುತ್ತದೆ, ಆಯಿಲ್ ಅಲ್ಲೇ ನಿಲ್ಲುತ್ತದೆ. ಥ್ರೆಡ್ಡಿನ ಕೆಲಸ ಆ ಮೊನೆಯನ್ನು ಒತ್ತಿ ಹಿಡಿಯುವುದು. ಹಿಡಿಯುವ ಬಲವೇ ಇಲ್ಲದ ಕಡೆ ಟೇಪ್ ಏನು ಮಾಡೀತು? ಹೀರುವ ಪಂಪಿನಿಂದ ಏರ್ ತೆಗೆಯುವಾಗ ಥ್ರೆಡ್ಡಿನ ಸಂದಿಯಿಂದ ಹೊರಗಾಳಿ ಬಾರದಿರಲೆಂದು ಟೇಪ್ ಸುತ್ತುವವರಿದ್ದಾರೆ, ಆ ಮಾತು ಬೇರೆ. ಅದು ಸರಿಯಾದ ಸ್ಕ್ರೂವಿಗೆ.

ಟಯರಿನೊಳಗಿನ ಗಾಳಿಯ ಒತ್ತಡ ಎರಡು ಬಾರ್ ಚಿಲ್ಲರೆ. ಪೆಡಲನ್ನು ಜೋರಾಗಿ ಒತ್ತಿದಾಗ ಬ್ರೇಕ್ ಲೈನಿನ ಒತ್ತಡ 100 ಬಾರ್ ಕೂಡ ದಾಟಬಹುದು. ನಾನು ಶಿರಸಿ ಮಾರಿಕಾಂಬೆಯ ದರ್ಶನಕ್ಕೆ ಹೋಗುವವರನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಹತ್ತಿ ಇಳಿಯುವವ. ಇಳಿಯುವಾಗ ಆ ಸ್ಕ್ರೂ ಕಿತ್ತುಕೊಂಡರೆ ಆಯಿಲ್ ಚಿಮ್ಮಿ ಪೆಡಲ್ ಕುಸಿಯುತ್ತದೆ. ಬ್ರೇಕ್ ಆಯಿಲ್ ಎರಡು ಬೇರೆ ಬೇರೆ ಸರ್ಕ್ಯೂಟುಗಳಲ್ಲಿ ಇರುವುದರಿಂದ ಇನ್ನೊಂದು ಉಳಿದಿರುತ್ತದೆ ನಿಜ, ಆದರೆ ಅರ್ಧ ಬ್ರೇಕಿನಲ್ಲಿ ದೇವಿಮನೆಯ ತಿರುವು ಇಳಿಯಿರಿ ಎಂದು ಯಾರಿಗೂ ಹೇಳುವ ಹಾಗಿಲ್ಲ.

ಕೊನೆಗೆ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಕಾರಿನ ಹೆಸರು ಹೇಳಿ ಮುಗಿಸುವ ಮೊದಲೇ ಆಚೆಯಿಂದ, "ಥ್ರೆಡ್ ಯಾವುದ್ರೀ? ಟೆನ್-ಒನ್ನೋ, ಏಯ್ಟ್-ಒನ್ ಟ್ವೆಂಟಿಫೈವೋ? ಹಳೇದು ಅಳದ್ ಹೇಳ್ರಿ" ಎಂದರು. ಎಂ10, ಪಿಚ್ 1.0 ಬೇಕೋ, ಎಂ8, ಪಿಚ್ 1.25 ಬೇಕೋ ಎಂದರ್ಥ. ಮಾಲು ಬಸ್ಸಿನಲ್ಲಿ ಬಂತು, ಮೊನೆ ಸರಿಯಾಗಿ ಕೂತಿತು, ಏರ್ ತೆಗೆದ ಮೇಲೆ ಪೆಡಲ್ ಗಟ್ಟಿಯಾಗಿದೆ. ಕೌಂಟರಿನಲ್ಲಿ ಕೂತವರು ಕೇಳುವ ಆ ಒಂದು ಪ್ರಶ್ನೆಯನ್ನು ನಿಮ್ಮ ಹಸಿರು ಗುರುತು ಕೇಳುವುದಿಲ್ಲ. ಹುಬ್ಬಳ್ಳಿಯ ಮಾಲು ಬರುವವರೆಗೆ ಗಾಡಿ ಜಾಕಿ ಮೇಲೆ ನಿಂತು ನನ್ನ ಬಾಡಿಗೆ ತಪ್ಪಿದ್ದರ ಲೆಕ್ಕವನ್ನು ಬೇರೆಯಾಗಿ ಕಳಿಸುತ್ತೇನೆ.

ಸ್ಕ್ರೂಗಳ ಪೂರ್ತಿ ಹಣ ವಾಪಸ್ ಬರಬೇಕು, ಹಿಂದಿರುಗಿಸುವ ಖರ್ಚು ನಿಮ್ಮದೇ. ಈ ಮಾಲಿನ ಮಾರಾಟವನ್ನು ಕೂಡಲೇ ನಿಲ್ಲಿಸಿ, ಹಸಿರು ಗುರುತು ನಂಬಿ ಇದನ್ನೇ ಕೊಂಡ ಉಳಿದವರಿಗೆ "ಹಾಕಬೇಡಿ" ಎಂದು ತಿಳಿಸಬೇಕು. ನನ್ನ ಹಣಕ್ಕಿಂತ ಇದು ತುರ್ತಿನದು, ಏಕೆಂದರೆ ಅವರೆಲ್ಲರ ಮೆಕ್ಯಾನಿಕ್ಕುಗಳೂ ಅಲ್ಲಾಡಿಸಿ ನೋಡಿರುತ್ತಾರೆಂಬ ಭರವಸೆ ನನಗಿಲ್ಲ. ಟೇಪಿನ ಸಲಹೆ ತಪ್ಪೆಂದು ಲಿಖಿತವಾಗಿ ಹಿಂತೆಗೆದುಕೊಳ್ಳಿ. ಮುಂದೆ ಬ್ಲೀಡರ್ ಸ್ಕ್ರೂ ಮಾರುವುದಾದರೆ ಥ್ರೆಡ್ಡಿನ ವ್ಯಾಸ, ಪಿಚ್, ಉದ್ದ, ಮೊನೆಯ ಆಕಾರ, ಪಾನಾದ ಅಳತೆ ಇಷ್ಟನ್ನೂ ಬೇರೆ ಬೇರೆಯಾಗಿ ನಮೂದಿಸಿ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ವಿವರಣೆಗೆ ಹೊಂದದ ಮಾಲನ್ನು ವಾಪಸ್ ಪಡೆಯುವುದಿಲ್ಲ ಎನ್ನಲು ಮಾರಾಟಗಾರರಿಗೆ ಅಧಿಕಾರವಿಲ್ಲ. ಟ್ಯಾಕ್ಸಿಗೆ ಕೊಂಡದ್ದು, ವಾಣಿಜ್ಯ ಬಳಕೆ ಎಂಬ ಉತ್ತರ ಬರಬಹುದೆಂದು ಮೊದಲೇ ಹೇಳುತ್ತೇನೆ: ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವನನ್ನೂ 2019ರ ಕಾಯ್ದೆ ಗ್ರಾಹಕನೆಂದೇ ಗಣಿಸುತ್ತದೆ. ಜಿಲ್ಲಾ ಗ್ರಾಹಕ ಆಯೋಗ ಇರುವುದು ಕಾರವಾರದಲ್ಲೇ. ಅಲ್ಲಿಗೆ ಹೋಗಲು ನಾನು ಯಾವ ಘಟ್ಟವನ್ನೂ ಹತ್ತಬೇಕಾಗಿಲ್ಲ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತು: ಬಿಲ್ಲಿನ ಪ್ರತಿ, ಹಸಿರು ಗುರುತಿನ ಸ್ಕ್ರೀನ್‌ಶಾಟ್, ಟೇಪಿನ ಸಲಹೆಯಿರುವ ಚಾಟ್, ವರ್ನಿಯರಿನಲ್ಲಿ ಎರಡೂ ಸ್ಕ್ರೂಗಳನ್ನು ಹಿಡಿದ ಫೋಟೋಗಳು. ನಿಮ್ಮ ಸ್ಕ್ರೂಗಳು ಅದೇ ಪ್ಯಾಕೆಟಿನಲ್ಲಿ ನನ್ನ ಬಳಿ ಇವೆ, ಯಾರನ್ನಾದರೂ ಕಳಿಸಿ ಅಳೆಸಬಹುದು.