ತಿರುಚದೆ ಬಿಟ್ಟ ಕೈಗಳಿಗೆ

ನನ್ನ ಸೊಂಟದ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಹೊರಚಾಚಿದ ಮೇಲಿನ ಎಂಆರ್‌ಐ, ರಜೆ, ವಿಮೆಯ ರಾಮಾಯಣ ನಿಮಗೆಲ್ಲ ಗೊತ್ತಿರುವುದೇ. ಈ ವಾರ ಶಾಂಘೈನಲ್ಲಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಹೇಳಬೇಕಾದ ಕೃತಜ್ಞತೆ ಬಹಳ ಬಾಕಿ ಇದೆ.

ಅದರಲ್ಲಿ ದೊಡ್ಡ ಪಾಲು ತುಯಿನಾ ಕಲಿಸುವ ನಮ್ಮ ಲಾವೋಷಿಯವರದು (ಚೀನಿಯಲ್ಲಿ ಲಾವೋಷಿ ಅಂದರೆ ಗುರುಗಳು). ತುಯಿನಾ ಅಂದರೆ ಒತ್ತಿ, ಉರುಳಿಸಿ, ಎಳೆದು ಕೈಯಿಂದಲೇ ಮಾಡುವ ಚೀನೀ ಚಿಕಿತ್ಸೆ. ಸೊಂಟಕ್ಕೆ ಅದರಲ್ಲಿ ಹೆಸರಾದದ್ದು ಓರೆ ತಿರುಚು: ಮಗ್ಗುಲಾಗಿ ಮಲಗಿಸಿ, ಭುಜವನ್ನು ಹಿಂದಕ್ಕೂ ಸೊಂಟವನ್ನು ಮುಂದಕ್ಕೂ ತಳ್ಳಿದರೆ 'ಟಕ್' ಅನ್ನುತ್ತದೆ. ನೋವು ಎರಡೂ ಕಾಲಿಗೆ ಇಳಿದ ಆ ರಾತ್ರಿ ನಾನು ಬೇಡಿಕೊಂಡದ್ದು ಅದನ್ನೇ. ಅವರು ಒಪ್ಪಲಿಲ್ಲ. ಹೊರಚಾಚಿದ ಡಿಸ್ಕ್ ಬೆನ್ನುಹುರಿಯ ತುದಿಯ ನರಗಳ ಗೊಂಚಲನ್ನು ಒತ್ತುತ್ತಿರುವಾಗ ತಿರುಚಿದರೆ ತುಂಡು ಇನ್ನಷ್ಟು ಒಳಕ್ಕೆ ಜರುಗಬಹುದು. ಮೂತ್ರದ ಹಿಡಿತ ಒಮ್ಮೆ ತಪ್ಪಿತೆಂದರೆ ಪೂರ್ತಿ ಮರಳುವ ಖಾತ್ರಿಯಿಲ್ಲ. ಟ್ಯಾಕ್ಸಿ ಕರೆಸಿ ನೇರ ತುರ್ತು ವಿಭಾಗಕ್ಕೆ ಕರೆದೊಯ್ದರು.

ಸ್ಕ್ಯಾನ್ ನೋಡಿದ ಸರ್ಜನ್, ಬೆಳಗಿನವರೆಗೆ ಕಾದು ನೋಡೋಣ ಅಂದರು. ಕಾದವರು ಲಾವೋಷಿ. ಗಂಟೆಗೊಮ್ಮೆ ನನ್ನ ಕಾಲಿನ ಹೆಬ್ಬೆರಳು ಮೇಲೆತ್ತಿಸಿ ತಮ್ಮ ಬೆರಳಿಂದ ಎದುರು ಒತ್ತುತ್ತಿದ್ದರು, ಅದು ಸೊಂಟದಿಂದ ಕಾಲಿಗಿಳಿಯುವ ಎಲ್‌5 ನರದ ಪರೀಕ್ಷೆ. ಪಾದವನ್ನು ಅವರ ಅಂಗೈಗೆ ಒತ್ತಿಸುತ್ತಿದ್ದರು, ಅದು ಅದರ ಕೆಳಗಿನ ಎಸ್‌1 ನರದ್ದು. ಆಮೇಲೆ ಸಂಕೋಚವಿಲ್ಲದೆ ಒಂದೇ ಪ್ರಶ್ನೆ: ಮೂತ್ರ ಹೋಯಿತೇ, ಒರೆಸಿಕೊಂಡಾಗ ಮುಟ್ಟಿದ್ದು ತಿಳಿಯಿತೇ? ಇಲ್ಲ ಅಂದಿದ್ದರೆ ಅಕ್ಯುಪಂಕ್ಚರ್ ಸೂಜಿಯೂ ಇಲ್ಲ, ಕಷಾಯವೂ ಇಲ್ಲ, ಆಪರೇಷನ್ ಥಿಯೇಟರೇ ಗತಿ. ಸೊಂಟಕ್ಕೆ ಸೂಜಿ ಚುಚ್ಚಲು ಬೋರಲು ಹಾಕಬೇಕಾಗುತ್ತದೆ. ಅದನ್ನೂ ಬಿಟ್ಟು, ಡ್ಯೂಟಿ ಡಾಕ್ಟರನ್ನು ಕೇಳಿ, ಅಂಗೈಯ ಹಿಂಬದಿಯಲ್ಲಿ ಎರಡನೇ–ಮೂರನೇ ಮತ್ತು ನಾಲ್ಕನೇ–ಐದನೇ ಮೂಳೆಗಳ ನಡುವಿನ ಯಾವೊಥೊಂಗ್ ಬಿಂದುಗಳಿಗೆ ಮಾತ್ರ ಸೂಜಿ ಹಾಕಿದರು.

ನಸುಕಿಗೆ ಮುಂಚೆ ಈ ದೇಹವೇ ಸಾಕಪ್ಪ ಅನ್ನಿಸಿತ್ತು. ಅದನ್ನು ಅವರಿಗೆ ಕನ್ನಡದಲ್ಲೇ ಹೇಳಿಬಿಟ್ಟೆ, ಚೀನೀ ಮಾತು ಒಂದೂ ನೆನಪಾಗಲಿಲ್ಲ. ಅವರು ಕೈ ಬಿಡಲಿಲ್ಲ.

ಇರಲಿ. ಆಮೇಲಿನ ವಾರಗಳ ಸೂಜಿ ಕೆಲಸವೂ ಅವರದೇ. ಸೊಂಟದ ಶೆನ್‌ಶು, ದಾಚಾಂಗ್‌ಶು ಬಿಂದುಗಳಿಗೆ 40 ಮಿ.ಮೀ. ಉದ್ದದ ಸೂಜಿ, ಪೃಷ್ಠದ ಹುವಾನ್‌ಥಿಯಾವೊಗೆ 75 ಮಿ.ಮೀ., ಮೊಣಕಾಲ ಹಿಂಬದಿಯ ಮಡಿಕೆಯಲ್ಲಿ ವೇಯ್‌ಚೊಂಗ್; 2 ಮತ್ತು 100 ಹರ್ಟ್ಜ್ ಅದಲುಬದಲಾಗುವ ಸಣ್ಣ ವಿದ್ಯುತ್, ಅರ್ಧ ಗಂಟೆ. ಶೆನ್‌ಶುವಿನಲ್ಲಿ ಸೂಜಿ ಹೊರಮಗ್ಗುಲಿಗೆ ವಾಲಿ ಆಳಕ್ಕೆ ಹೋದರೆ ಮೂತ್ರಪಿಂಡಕ್ಕೆ ತಗಲುತ್ತದೆ, ಅದಕ್ಕೇ ಬೆನ್ನೆಲುಬಿನ ಕಡೆಗೆ ತುಸು ಓರೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಲೆಸುತ್ತು ಬರುತ್ತದೆಂದು ಮೊದಲು ಗಂಜಿ ಕುಡಿಸುತ್ತಿದ್ದರು. ಡಿಸ್ಕಿನಿಂದ ಬಂದ ಹಳೆಯ ಸಯಾಟಿಕಾಕ್ಕೆ (ಸೊಂಟದಿಂದ ಕಾಲಿಗಿಳಿಯುವ ನರನೋವು) 4 ವಾರದಲ್ಲಿ 10 ಸಲ ಸೂಜಿ ಹಾಕಿಸಿಕೊಂಡವರ ಕಾಲುನೋವು ಹೋಲಿಕೆಗೆಂದು ಹುಸಿ ಸೂಜಿ ಹಾಕಿಸಿಕೊಂಡವರಿಗಿಂತ ಹೆಚ್ಚು ಇಳಿಯಿತೆಂದು ಚೀನಾದ 6 ಆಸ್ಪತ್ರೆಗಳ ಪರೀಕ್ಷೆ 2024ರಲ್ಲಿ ಹೇಳಿತು. ಬ್ರಿಟನ್ನಿನ 2016ರ ಮಾರ್ಗಸೂಚಿ ಸೊಂಟನೋವಿಗೆ ಸೂಜಿ ಬೇಡ ಅಂದಿತ್ತು. ಎರಡನ್ನೂ ಮುಂದಿಟ್ಟವರು ಲಾವೋಷಿಯೇ. ಒಣಗಿದ ಡಿಸ್ಕಿಗೆ ಇದರಿಂದ ಮತ್ತೆ ನೀರು ತುಂಬುವುದಿಲ್ಲ, ಹೊರಬಿದ್ದ ತುಂಡನ್ನು ಎಷ್ಟೋ ಸಲ ಮೈಯೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ, ಶ್ರೇಯಸ್ಸನ್ನೆಲ್ಲ ನನಗೆ ಕಟ್ಟಬೇಡ ಅಂದವರೂ ಅವರೇ. ಕೊಟ್ಟ ಶ್ರೇಯಸ್ಸನ್ನು ಹೀಗೆ ತಳ್ಳುವ ವೈದ್ಯರು ಯಾವ ಪದ್ಧತಿಯಲ್ಲೂ ಕಡಿಮೆ.

ಔಷಧ ಅಂಗಡಿಯ ಅಜ್ಜಿಗೂ ನಮಸ್ಕಾರ. ಏಳನೇ ಶತಮಾನದ ಸುನ್ ಸಿಮಿಯಾವೊ ಬರೆದಿಟ್ಟ ದುಹುವೊ ಜಿಶೆಂಗ್ ಕಷಾಯಕ್ಕೆ 15 ಸಾಮಗ್ರಿ. ದುಚೊಂಗ್ ತೊಗಟೆಯನ್ನು ಮುರಿದು, ಬೆಳ್ಳನೆ ಎಳೆ ಬಂದರಷ್ಟೇ ಪೊಟ್ಟಣಕ್ಕೆ ಹಾಕುತ್ತಿದ್ದರು. ಶಿಶಿನ್ ಎಂಬ ಮೂಲಿಕೆ 3 ಗ್ರಾಂ ದಾಟಕೂಡದು, ಅದೂ ಬೇರು ಮಾತ್ರ. ಎಲೆಯಲ್ಲಿ ಮೂತ್ರಪಿಂಡ ಕೆಡಿಸುವ ಅರಿಸ್ಟೊಲೋಕಿಕ್ ಆಮ್ಲ ಹೆಚ್ಚು. ಮಣ್ಣಿನ ಮಡಕೆಯಲ್ಲಿ ಅರ್ಧ ಗಂಟೆ ನೆನೆಹಾಕಿ, ಎರಡು ಸಲ ಕುದಿಸಿ, ಎರಡೂ ರಸ ಬೆರೆಸಿ ಬೆಳಿಗ್ಗೆ–ಸಂಜೆ ಊಟದ ಮೇಲೆ. ಕಬ್ಬಿಣದ ಪಾತ್ರೆ ಬೇಡವೇ ಬೇಡ.

ಅಡುಗೆ ಕಳಿಸಿದ ಶಾಂಘೈ ಕನ್ನಡಿಗರು, ಪಾಳಿ ಬದಲಿಸಿಕೊಂಡ ಸಹೋದ್ಯೋಗಿಗಳು, ದಿನಾ ಫೋನ್ ಮಾಡಿದ ಅಕ್ಕ ಭಾವ, ಆತುರಪಡದ ಆ ಸರ್ಜನ್, ಎಲ್ಲರಿಗೂ ಋಣಿ.

ಕಷಾಯದ ಚೀಟಿಯ ಫೋಟೊ ಕೇಳಿದವರು ಕ್ಷಮಿಸಿ, ಕಳಿಸುವುದಿಲ್ಲ. ಅದರಲ್ಲಿರುವ ದಾಂಗ್‌ಗುಯಿ ಬೇರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಿಗೆ ರಕ್ತಸ್ರಾವ ತರಬಹುದು, ನಿಮ್ಮ ಮಾತ್ರೆಗಳು ಯಾವುವೋ ಆ ಅಜ್ಜಿಗೆ ಗೊತ್ತಿಲ್ಲ. ಬದಲಿಗೆ ಲಾವೋಷಿ ಹೇಳಿಕೊಟ್ಟ ಐದು ಆಸರೆಯ ವ್ಯಾಯಾಮ ತೆಗೆದುಕೊಳ್ಳಿ: ಅಂಗಾತ ಮಲಗಿ ತಲೆ, ಎರಡು ಮೊಣಕೈ, ಎರಡು ಪಾದ ಊರಿ ಸೊಂಟ ಎತ್ತಿ, 5 ಸೆಕೆಂಡ್ ಹಿಡಿದು ಇಳಿಸಿ, 10 ಸಲ. ಕುತ್ತಿಗೆ ನೋವಿರುವವರು ತಲೆಯ ಮೇಲೆ ಭಾರ ಹಾಕದೆ ಭುಜ ಊರಿ. ತೀವ್ರ ನೋವಿನ ದಿನಗಳಲ್ಲಿ ಬೇಡ; ಮಾಡುವಾಗ ನೋವು ಕಾಲಿಗೆ ಇಳಿದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ.