ಅರ್ಥ ಮುಂದಿನ ಸಾಲಿನಲ್ಲೇ ಇರುತ್ತದೆ

ಮಾನ್ಯ ಸಂಪಾದಕರೇ,

ನಮ್ಮ ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ನೆರೆ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ತುಂಗೆ ಉಕ್ಕಿ ಬಂದರೆ ಅದೇ ನೆರೆ. ಹಾಗಾಗಿ ಸಂಜೆ ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗನೊಬ್ಬ ಬಸವಣ್ಣನವರ 'ನೆರೆ ಕೆನ್ನೆಗೆ, ತೆರೆ ಗಲ್ಲಕೆ' ವಚನಕ್ಕೆ 'ಕೆನ್ನೆಗೆ ಪ್ರವಾಹ, ಗಲ್ಲಕ್ಕೆ ಅಲೆ' ಎಂದು ಬರೆದುಕೊಂಡು ಬಂದ. ಮೊಬೈಲಿನಲ್ಲೂ ಮೊದಲು ಸಿಕ್ಕಿದ್ದು ಅದೇ ಅಂತೆ. ಪ್ರವಾಹ ಬಂದ ಮೇಲೆ ಅಲೆ ಏಳಲೇಬೇಕು, ಅಲ್ವಾ?

ನಾನು ಅರ್ಥ ಹೇಳಲಿಲ್ಲ. ಮುಂದಕ್ಕೆ ಓದು ಎಂದೆ. ಹಲ್ಲು ಹೋಗುತ್ತದೆ, ಬೆನ್ನು ಬಾಗುತ್ತದೆ, ಕೋಲು ಹಿಡಿಯುವ ಕಾಲ ಬರುತ್ತದೆ.

"ಯಾರ ಸುದ್ದಿ ಇದು?"

"ಮುದುಕರದ್ದು, ಟೀಚರ್."

"ಮುದುಕರ ಕೆನ್ನೆ ಪಕ್ಕ ಏನು ಕಾಣುತ್ತೆ?"

ಬಿಳಿ ಕೂದಲು ಎಂದ. ತೆರೆ ಅಂದರೆ ಸುಕ್ಕು ಎಂದು ನಾನು ಕೇಳುವ ಮೊದಲೇ ಹೇಳಿಬಿಟ್ಟ. ಹಾಗೆ ಹುಡುಕಿ ಹಿಡಿದ ಪದವನ್ನು ಅವನು ಇನ್ನು ಮರೆಯುವುದಿಲ್ಲ.

ನನ್ನ ತಕರಾರು ಇರುವುದು ಪಾಠದ ಜೊತೆ ಕೊಡುವ 'ಪದಗಳ ಅರ್ಥ'ದ ಬಗ್ಗೆ. ಮಕ್ಕಳು ಅದನ್ನು ಮೊದಲು ಬಾಯಿಪಾಠ ಮಾಡುತ್ತಾರೆ, ಪಾಠ ಆಮೇಲೆ. ಕೆಲವು ಗೈಡುಗಳಲ್ಲಂತೂ ಸಾಲು ನೋಡಿದರೆ ತಾನಾಗಿ ತಿಳಿಯುವ ಪದಕ್ಕೂ ಅರ್ಥ ಕೊಟ್ಟಿರುತ್ತಾರೆ. ಯೋಚಿಸುವುದಕ್ಕೆ ಜಾಗವೇ ಇಲ್ಲ. ನಿಘಂಟು ಮಾಡಿದವರು ಹೀಗೆ ಮಾಡಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ತೆಗೆದು ನೋಡಿ. ಅರ್ಥದ ಜೊತೆಗೆ ಆ ಪದ ಬಂದಿರುವ ಕಾವ್ಯದ, ಶಾಸನದ ಸಾಲುಗಳೂ ಇರುತ್ತವೆ. ಸಾಲು ನೋಡಿಯೇ ಅವರು ಅರ್ಥ ಹಿಡಿದದ್ದು.

ಎಲ್ಲ ಪದಕ್ಕೂ ಇದು ನಡೆಯುವುದಿಲ್ಲ, ನಿಜ. 'ಬೇಲಿಯ ಲಕ್ಕಿ ಗಿಡ ಹೂ ಬಿಟ್ಟಿತ್ತು' ಎಂದರೆ ಅದು ಬೇಲಿಯಲ್ಲಿ ಬೆಳೆಯುವ ಒಂದು ಗಿಡ ಎಂದಷ್ಟೇ ಗೊತ್ತಾಗುತ್ತದೆ. ಕಥೆ ಮುಂದೆ ಓದಲು ಅಷ್ಟು ಸಾಕು. ಗಿಡವನ್ನೇ ನೋಡಬೇಕು ಅನ್ನಿಸಿದರೆ ಅಜ್ಜಿಯನ್ನು ಕೇಳಲಿ, ನಿಘಂಟೂ ನೋಡಲಿ. ಆದರೆ ಮೊದಲು ಒಂದು ಊಹೆ ಮಾಡಿರಬೇಕು. ಸುಮ್ನೆ ಅಲ್ಲ, ಯಾವ ಪದ ನೋಡಿ ಹಾಗನ್ನಿಸಿತು ಎಂದು ಹೇಳುವ ಹಾಗೆ.

ಇದಕ್ಕೆ ಪೇಪರಿಗಿಂತ ಒಳ್ಳೆಯ ಪಠ್ಯ ಇಲ್ಲ. 'ನೆರೆಗೆ ಕೊಚ್ಚಿಹೋದ ಸೇತುವೆ', 'ನೆರೆ ರಾಜ್ಯದಿಂದ ಬಂದ ಈರುಳ್ಳಿ' ಎರಡೂ ನಿಮ್ಮ ಪುಟಗಳಲ್ಲೇ ಬರುವಂಥ ಮಾತು. 'ಕೆಲಸ ಅರಸಿ ಬೆಂಗಳೂರಿಗೆ' ಎಂಬ ತಲೆಬರಹ ನೋಡಿ, ಅರಸು ಅಂದರೆ ರಾಜ ಅಲ್ವಾ ಟೀಚರ್ ಅಂತ ಕೇಳಿದವರಿದ್ದಾರೆ. ಬೆಂಗಳೂರಿಗೆ ಯಾಕೆ ಹೋದರು ಎಂದು ತಿರುಗಿ ಕೇಳಿದರೆ ಸಾಕು.

ಹಾಗಾಗಿ ಒಂದು ಕೋರಿಕೆ. ಮಕ್ಕಳ ಪುಟದಲ್ಲಿ ವಾರಕ್ಕೊಂದು ಪದ ಹಾಕಿ. ಆ ಪದ ಬರುವ ಮೂರು ಬೇರೆ ಬೇರೆ ಸಾಲು ಕೊಡಿ, ಅರ್ಥ ಮುಂದಿನ ವಾರ ಬರಲಿ. ಅದೇ ಪುಟದ ಕೆಳಗೆ ತಲೆಕೆಳಗಾಗಿ ಮಾತ್ರ ಅಚ್ಚು ಹಾಕಿಸಬೇಡಿ. ನಮ್ಮ ಮಕ್ಕಳು ಪೇಪರ್ ತಿರುಗಿಸಿ ಮೊದಲು ಅದನ್ನೇ ಓದುತ್ತಾರೆ.

ಇಂತಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ, ತೀರ್ಥಹಳ್ಳಿ